ನಾಲ್ಕನೇ ಜ್ವರಕ್ಕೆ ಹನ್ನೊಂದನೇ ಅಧ್ಯಾಯ

ನವೆಂಬರ್ 2, ಭಾನುವಾರ

ಚಿಂತಾಮಣಿ, ಶಿಡ್ಲಘಟ್ಟ ಎರಡೂ ತಾಲ್ಲೂಕು ಜರಡಿ ಹಿಡಿದರೂ ನನ್ನಷ್ಟು ಪುಸ್ತಕ ಓದಿದ ಗಂಡಸು ಸಿಗುವುದಿಲ್ಲ. ಸಾದಲಿ ಶಾಲೆಯ ಬೀರುವಿನಲ್ಲಿದ್ದ ಪುಸ್ತಕಗಳನ್ನೆಲ್ಲ ಏಳನೇ ಕ್ಲಾಸಿಗೇ ಮುಗಿಸಿಬಿಟ್ಟೆ. ಇನ್ನು ನಿನಗೆ ಕಲಿಸಲು ನಮ್ಮ ಹತ್ತಿರ ಏನೂ ಉಳಿದಿಲ್ಲಪ್ಪ ಎಂದು ಮೇಷ್ಟ್ರೇ ಕೈಮುಗಿದು ಮನೆಗೆ ಕಳಿಸಿದರು. ಹಾಗಾಗಿ ಎಂಟನೇ ಕ್ಲಾಸಿನ ಅಗತ್ಯ ಬೀಳಲಿಲ್ಲ.

ಇಂಥ ಮನುಷ್ಯ ಇವತ್ತು ಕೆಂಚಾರ್ಲಹಳ್ಳಿಯಲ್ಲಿ ಅಕ್ಕ ಮುನಿಗಂಗಮ್ಮನ ಮನೆಯ ಪಡಸಾಲೆಯಲ್ಲಿ ಬಿದ್ದಿದ್ದಾನೆ. ಬಲಗಾಲಿಗೆ ತೊಡೆಯವರೆಗೂ ಸಿಮೆಂಟು ಕಟ್ಟು. ಆರು ವಾರ ಅಲ್ಲಾಡಬೇಡ ಎಂದಿದ್ದಾರೆ ಡಾಕ್ಟರು. ಕಾಲು ಮುರಿದದ್ದು ಚಿರತೆಯನ್ನು ಅಟ್ಟಿಸಿಕೊಂಡು ಹೋದಾಗ. ಡೈರಿಗೆ ಇಷ್ಟು ಸಾಕು. ನನ್ನ ಹೆಂಡತಿ ವರಲಕ್ಷ್ಮಮ್ಮ ಮಗಳ ಬಾಣಂತನಕ್ಕೆಂದು ಗೌರಿಬಿದನೂರಿಗೆ ಹೋಗಿದ್ದಾಳೆ. ಸಾದಲಿಯ ನಮ್ಮ ಮನೆಗೆ ಬೀಗ, ಬೀಗದ ಕೈ ಅಕ್ಕನ ಸೊಂಟದಲ್ಲಿ.

ನಾಳೆ ಅಕ್ಕ ರೇಷ್ಮೆ ಹುಳು ಇಡುತ್ತಾಳೆ. ಅಂಗಳದಾಚೆಯೇ ಹುಳುಮನೆ. ಇನ್ನು ಗೂಡು ಕಟ್ಟುವವರೆಗೆ ಬೀಡಿ ಹಚ್ಚುವಂತಿಲ್ಲ, ಸಾರಿಗೆ ಒಗ್ಗರಣೆ ಇಲ್ಲ, ಹೊರಗಿನವರು ಗೇಟು ದಾಟುವಂತಿಲ್ಲ. ಜೈಲಿನಲ್ಲಾದರೂ ಒಗ್ಗರಣೆ ಇರುತ್ತದೆ.

ಈ ಡೈರಿ ಔಷಧದ ಅಂಗಡಿಯವರು ಬಿಟ್ಟಿ ಕೊಟ್ಟದ್ದು. ಹತ್ತು ತಿಂಗಳು ಖಾಲಿ ಇತ್ತು.

ನವೆಂಬರ್ 4, ಮಂಗಳವಾರ

ನರಸಿಂಹಪ್ಪ ಮೇಷ್ಟ್ರು ಬಂದು ಗೇಟಿನಾಚೆಯೇ ನಿಂತು ಮಾತಾಡಿಸಿದರು. ರಿಟೈರಾಗಿ ಎಂಟು ವರ್ಷವಾದರೂ ಪಂಚಾಯ್ತಿ ಲೈಬ್ರರಿಯನ್ನು ಬಿಟ್ಟಿಲ್ಲ. ನಮ್ಮ ಪವಿತ್ರಮ್ಮನ ಕಾದಂಬರಿ ಸಿನಿಮಾ ಆಗಿ ಇದೇ 28ಕ್ಕೆ ಬಿಡುಗಡೆ. ಪವಿತ್ರ ಅಕ್ಕನ ಒಬ್ಬಳೇ ಮಗಳು, ಚಿಕ್ಕಬಳ್ಳಾಪುರದಲ್ಲಿ ಕಾಲೇಜು ಲೆಕ್ಚರರ್. ಅದಕ್ಕಾಗಿ ಲೈಬ್ರರಿಯಲ್ಲಿ ಒಂದು ಸಭೆಯಂತೆ: ಪುಸ್ತಕ ಮೊದಲು ಓದಬೇಕೋ, ಸಿನಿಮಾ ಮೊದಲು ನೋಡಬೇಕೋ.

"ನೀನು ಮೂರು ಸಲ ಓದಿದೀಯಂತಲ್ಲಪ್ಪ ರಾಮಾಂಜಿನಪ್ಪ. ನೀನೇ ಮಾತಾಡು."

"ನಾನು ಸಿನಿಮಾ ಕಡೆ ಮೇಷ್ಟ್ರೇ. ಪುಸ್ತಕ ಅಂದ್ರೆ ಹೊಲದಲ್ಲಿ ನಿಂತಿರೋ ರಾಗಿ. ಸಿನಿಮಾ ಅಂದ್ರೆ ತಟ್ಟೆಗೆ ಬಂದ ಮುದ್ದೆ. ತಟ್ಟೇಲಿ ಮುದ್ದೆ ಇರ್ವಾಗ ಹೊಲಕ್ಕೆ ಹೋಗಿ ಮೇಯೋನು ಯಾವನು?"

"ಕೊಯ್ದೋನಿಗೆ ಗೊತ್ತಪ್ಪ ಮುದ್ದೆ ರುಚಿ."

"ನಿಮಗೆ ಹಲ್ಲಿಲ್ಲ, ಅದಕ್ಕೇ ರುಚಿ ಮಾತು."

ನಗುತ್ತ ಹೋದರು. ಅಕ್ಕ ಸೊಪ್ಪು ಕತ್ತರಿಸುತ್ತ ಎಲ್ಲ ಕೇಳಿಸಿಕೊಂಡಿದ್ದಳು. "ಮೂರು ಸಲ ಓದಿದೀಯಾ? ಹಂಗಾರೆ ನಂಗೂ ಒಂದ್ ಸಲ ಓದಿ ಹೇಳು. ನನ್ ಮಗಳು ಬರ್ದಿದ್ದು ಏನೂಂತ ತಿಳೀದೆ ನಾನು ಆ ಸಿನಿಮಾಕ್ಕೆ ಕಾಲಿಡಲ್ಲ" ಎಂದಳು.

ಅವಳ ಪ್ರತಿ ದೇವರ ಗೂಡಿನಲ್ಲಿದೆ. ಹಳದಿ ಬಟ್ಟೆಯಲ್ಲಿ ಸುತ್ತಿ ಕುಂಕುಮ ಇಟ್ಟಿದ್ದಾಳೆ. ನನ್ನ ಪ್ರತಿಯೂ ಒಳ್ಳೆಯ ಜಾಗದಲ್ಲೇ ಇದೆ. ನಮ್ಮ ಟಿವಿ ಸ್ಟ್ಯಾಂಡಿನ ಒಂದು ಕಾಲು ಗಿಡ್ಡ.

ನವೆಂಬರ್ 7, ಶುಕ್ರವಾರ

ಹುಳು ಮೊದಲನೇ ಜ್ವರಕ್ಕೆ ಕೂತವು. ತಲೆ ಎತ್ತಿಕೊಂಡು ಅಲ್ಲಾಡದೆ ನಿಂತಿವೆ. ಪೊರೆ ಬಿಟ್ಟು ಏಳುವವರೆಗೆ ಒಂದು ಹಗಲು ಒಂದು ರಾತ್ರಿ ಸೊಪ್ಪು ಹಾಕುವಂತಿಲ್ಲ. ಅಕ್ಕನಿಗೆ ಬಿಡುವು ಅಂದರೆ ಅದೊಂದೇ. ಕೈಕಾಲು ತೊಳೆದು, ದೇವರ ಗೂಡಿನಿಂದ ಪುಸ್ತಕ ಇಳಿಸಿ, ಕಣ್ಣಿಗೊತ್ತಿಕೊಂಡು ನನ್ನ ಹೊಟ್ಟೆಯ ಮೇಲಿಟ್ಟಳು.

"ಓದು."

ಗಟ್ಟಿಯಾಗಿ ಓದುವುದು ಸಣ್ಣ ಕೆಲಸವಲ್ಲ. ನಾನು ಅಕ್ಷರಗಳಿಗೆ ಮರ್ಯಾದೆ ಕೊಟ್ಟು ಒಂದೊಂದನ್ನೇ ಮಾತಾಡಿಸಿಕೊಂಡು ಹೋಗುವವನು. ಅಕ್ಕನಿಗೆ ಅದು ಅರ್ಥವಾಗಲಿಲ್ಲ.

"ಏನೋ ಅದು, ಓಡೋ ಬಸ್ಸಿನ ಬೋರ್ಡು ಓದೋ ಹಂಗೆ ಓದ್ತೀಯ? ಮೂರು ಸಲ ಓದ್ದೋನು ಹಿಂಗಾ?"

"ಸಿಮೆಂಟ್ ಕಟ್ಟು ಅಕ್ಕ. ಉಸ್ರು ಹಿಡೀತದೆ."

ಸಂಜೆಯ ಹೊತ್ತಿಗೆ ಮೂರು ಅಧ್ಯಾಯವಾಯಿತು. ತಂದೆ ಇಲ್ಲದ ಒಂದು ಹುಡುಗಿ, ಹುಳು ಸಾಕುವ ತಾಯಿ, ಊರೂರು ತಿರುಗುವ ಒಬ್ಬ ಸೋದರಮಾವ. ಮಾವ ಬಂದಾಗಲೆಲ್ಲ ಮನೆಯಲ್ಲಿ ನಗು. ನಾನೇ ಅದು! ನನ್ನ ಶಿಳ್ಳೆ, ನನ್ನ ಗಿರಿಜಾ ಮೀಸೆ, ಎಲ್ಲ ಹಾಕಿದ್ದಾಳೆ. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಹುಳು ಜ್ವರದಲ್ಲಿದ್ದಾಗ ಜೋರಾಗಿ ನಗಬಾರದಂತೆ.

ನಗು ನಿಂತ ಮೇಲೆ ಅಂದಳು: "ಪುಸ್ತಕ ಬರೆಯೋ ಬುದ್ಧಿ ಐತೆ ನೋಡು, ಆದ್ರೂ ಅವಳ ಕೈಗೆ ಒಂದ್ ಚೀಲ ಕೊಡೋಕೆ ಇವತ್ತಿಗೂ ನಂಗೆ ಭಯ."

ಅದು ಈ ಮನೆಯ ಹಳೇ ಮಾತು. ಇಪ್ಪತ್ತೆರಡು ವರ್ಷದ ಹಿಂದೆ, ಭಾವ ತೀರಿಕೊಂಡ ವರ್ಷ, ಅಕ್ಕನ ಗೂಡು ಮಾರಲು ನಾನು ಶಿಡ್ಲಘಟ್ಟ ಮಾರುಕಟ್ಟೆಗೆ ಹೋಗಿದ್ದೆ. ಹನ್ನೊಂದು ವರ್ಷದ ಪವಿತ್ರ ಜೊತೆಗಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ ದುಡ್ಡಿನ ಚೀಲ ಅವಳ ಕೈಗೆ ಕೊಟ್ಟು ನಾನು ಬನ್ನು ತರಲು ಹೋದೆ, ಬರುವಷ್ಟರಲ್ಲಿ ಯಾವನೋ ಕತ್ತರಿಸಿಕೊಂಡು ಹೋಗಿದ್ದ. ಏನೋ ಎರಡು ಮೂರು ಸಾವಿರ. ಊರೆಲ್ಲ ಮರೆತಿದೆ, ಅಕ್ಕನೊಬ್ಬಳು ಮರೆತಿಲ್ಲ.

ನವೆಂಬರ್ 9

ಸಿನಿಮಾದ ಟ್ರೈಲರ್ ಬಂತು. ಫೋನಿನಲ್ಲಿ ಹದಿನಾಲ್ಕು ಸಲ ನೋಡಿದೆ. ಮಾವನ ಪಾತ್ರದವನಿಗೆ ಏನು ಮೈಕಟ್ಟು! ಬಸ್‌ಸ್ಟ್ಯಾಂಡಿನಲ್ಲಿ ಕಳ್ಳ ಮಗುವಿನ ಕೈಯಿಂದ ಚೀಲ ಕಿತ್ತುಕೊಂಡು ಓಡುತ್ತಾನೆ, ಮಾವ ಒಂದು ಬಸ್ಸಿನ ಮೇಲಿಂದ ಇನ್ನೊಂದು ಬಸ್ಸಿಗೆ ಹಾರುತ್ತಾನೆ. ಮಗು ಅಳುತ್ತ ನಿಂತಿರುತ್ತದೆ.

ಇನ್ನೇನು ಬೇಕು? ಪುಸ್ತಕದ ಹಂಗೇ ಬೇಡ. ಅಕ್ಕನಿಗೂ ತೋರಿಸಲು ಹೋದೆ. ಮುಖ ತಿರುಗಿಸಿದಳು. "ಮೊದ್ಲು ಪುಸ್ತಕ."

ನವೆಂಬರ್ 11, ಮಂಗಳವಾರ

ಎರಡನೇ ಜ್ವರ. ಏಳನೇ ಅಧ್ಯಾಯದವರೆಗೆ ಓದಿದೆ. ಇವತ್ತು ಬಸ್ಸಿನ ಬೋರ್ಡು ಎನ್ನಲಿಲ್ಲ ಅವಳು. ಒಂದು ಕಡೆ ತಾಯಿ ಅಡವಿಟ್ಟ ಓಲೆಯ ಮಾತು ಬಂತು. ಅಕ್ಕ ಸುಮ್ಮನೆ ಕಿವಿ ಮುಟ್ಟಿಕೊಂಡಳು. ಭಾವ ತೀರಿದ ವರ್ಷದ ಆ ಗೂಡಿನ ದುಡ್ಡಿನಿಂದ ಅದನ್ನು ಬಿಡಿಸಬೇಕಾಗಿತ್ತು.

ಮಜಾ ಏನೆಂದರೆ, ಓದುವಾಗ ಹುಳುಮನೆಯ ಸೊಪ್ಪಿನ ವಾಸನೆ ಪುಸ್ತಕದೊಳಗಿಂದಲೇ ಬಂದಂತಾಗುತ್ತದೆ. ಟ್ರೈಲರ್‌ನಲ್ಲಿ ವಾಸನೆ ಇರಲಿಲ್ಲ. ನರಸಿಂಹಪ್ಪನಿಗೆ ಇದನ್ನು ಹೇಳಬಾರದು, ತಲೆಯ ಮೇಲೆ ಕೂರುತ್ತಾರೆ.

ನವೆಂಬರ್ 13

ಅಕ್ಕ ತೋಟಕ್ಕೆ ಹೋಗಿದ್ದಳು. ಮುಂದೆ ತೊದಲಬಾರದೆಂದು ನಾನೊಬ್ಬನೇ ಓದಿಕೊಳ್ಳುತ್ತ ಕೂತೆ. ಹನ್ನೊಂದನೇ ಅಧ್ಯಾಯ ಓದಿದೆ.

ಮಧ್ಯಾಹ್ನ ಊಟ ಬೇಡವೆಂದೆ.

ನವೆಂಬರ್ 14, ಶುಕ್ರವಾರ

ಹನ್ನೊಂದನೇ ಅಧ್ಯಾಯದಲ್ಲಿ ಕಳ್ಳ ಇಲ್ಲ.

ಗೂಡು ಮಾರುಕಟ್ಟೆಯ ಹಿಂದೆ ಒಂದು ಹುಣಸೆಮರ. ಅದರ ಕೆಳಗೆ ಖಾಲಿ ಗೋಣಿಚೀಲದ ಮೇಲೆ ಹುಡುಗಿ ಮಲಗಿರುತ್ತಾಳೆ. ಎಚ್ಚರವಾಗಿ ನೋಡಿದರೆ ಮಾವ ನಾಲ್ಕು ಜನರ ಜೊತೆ ಅಂದರ್ ಬಾಹರ್ ಆಡುತ್ತ ಕೂತಿದ್ದಾನೆ. ಚೀಲ ಅವನ ತೊಡೆಯ ಕೆಳಗೆ ತೆಳ್ಳಗಾಗುತ್ತ ಹೋಗುತ್ತದೆ. ಕೊನೆಗೆ ಎದ್ದು ಬಂದು, ತೂಕ, ರೇಟು ಬರೆದ ಮಾರುಕಟ್ಟೆಯ ಚೀಟಿಯನ್ನು ಎಲೆಅಡಿಕೆಯ ಜೊತೆ ಬಾಯಿಗೆ ಹಾಕಿಕೊಂಡು ಅಗಿಯುತ್ತಾನೆ. ಆಮೇಲೆ ಬ್ಲೇಡು ತಂದು ಖಾಲಿ ಚೀಲವನ್ನು ತಾನೇ ಕುಯ್ಯುತ್ತಾನೆ. "ಅಮ್ಮ ಕೇಳಿದ್ರೆ ನಿನ್ ಕೈಲಿತ್ತು ಅನ್ನು ಪುಟ್ಟಿ. ಮಕ್ಕಳನ್ನ ಯಾರೂ ಬಯ್ಯಲ್ಲ" ಎನ್ನುತ್ತಾನೆ.

ಕೊನೆಯ ಸಾಲು ಹೀಗಿದೆ: "ಮಾವ ಎಷ್ಟು ಸೋತನೆಂದು ನಾನು ಕೇಳಲಿಲ್ಲ, ಚೀಟಿ ಅವನ ಹೊಟ್ಟೆಯಲ್ಲಿತ್ತು."

ಹೊಟ್ಟೆಯಲ್ಲಿರಲಿಲ್ಲ, ಉಗಿದೆನಲ್ಲ. ಈ ಬರೆಯುವವರಿಗೆ ಒಂದು ನಿಖರತೆ ಇಲ್ಲ.

ಅಕ್ಕನಿಗೆ ಅವತ್ತು ಹೇಳಿದ್ದು ಆರು ಸಾವಿರದ ನಾನೂರ ಎಂಬತ್ತು. ಮೊನ್ನೆ ಎರಡು ಮೂರು ಸಾವಿರ ಎಂದು ಬರೆದದ್ದು ಕೈತಪ್ಪು.

ಅಕ್ಕ ಸೀರೆಗೆ ಹಾಕಲು ಅಕ್ಕಿ ಗಂಜಿ ಕಾಯಿಸಿಟ್ಟಿದ್ದಳು. ಮಂಚದಿಂದ ಕೈ ಎಟುಕುವಷ್ಟರಲ್ಲೇ ಇತ್ತು. ಆರು ಹಾಳೆಗೆ ಒಂದಾದ ಮೇಲೊಂದು ತೆಳ್ಳಗೆ ಸವರಿ, ಮೇಲೆ ನನ್ನ ದಿಂಬಿಟ್ಟು, ದಿಂಬಿನ ಮೇಲೆ ನಾನು ಮಲಗಿದೆ. ಈಗ ಹನ್ನೊಂದನೇ ಅಧ್ಯಾಯ ಹಪ್ಪಳದಂತೆ ಒಂದೇ ಗಟ್ಟಿ. ಇಷ್ಟು ಚೊಕ್ಕ ಕೆಲಸ ಪ್ರೆಸ್ಸಿನವರಿಗೂ ಬರುವುದಿಲ್ಲ.

ಪುಸ್ತಕದ ಮೇಲಿನ ಕುಂಕುಮ ದಿಂಬಿಗೆ ಮೆತ್ತಿಕೊಂಡಿದೆ. ಎಷ್ಟು ಉಜ್ಜಿದರೂ ಹೋಗುತ್ತಿಲ್ಲ.

ನವೆಂಬರ್ 16, ಭಾನುವಾರ

ಮೂರನೇ ಜ್ವರ. ಎಂಟು, ಒಂಬತ್ತು, ಹತ್ತು ಓದಿದೆ. ಸಲೀಸಾಗಿ ಹೋಯಿತು. ಮಾವ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಗೂಡಿನ ಟೆಂಪೋ ಹತ್ತುವಲ್ಲಿಗೆ ಹತ್ತು ಮುಗಿಯುತ್ತದೆ. ಉಸಿರು ಬಿಡದೆ ಹನ್ನೆರಡಕ್ಕೆ ಹಾರಿದೆ, ಆ ಸಿನಿಮಾದವನು ಬಸ್ಸಿಂದ ಬಸ್ಸಿಗೆ ಹಾರಿದಂತೆ.

"ನಿಲ್ಸು" ಎಂದಳು ಅಕ್ಕ. "ಹನ್ನೊಂದೆಲ್ಲಿ?"

ಅವಳಿಗೆ ಅಕ್ಷರ ಬರುವುದಿಲ್ಲ. ಆದರೆ ತೂಕದ ಚೀಟಿ, ಬಸ್ಸಿನ ನಂಬರು, ಕ್ಯಾಲೆಂಡರು ನೋಡಿ ನೋಡಿ ಅಂಕಿ ಬರುತ್ತದೆ. ಅದು ನನಗೆ ಹೊಳೆದಿರಲೇ ಇಲ್ಲ. ಪಕ್ಕದಲ್ಲಿ ಕೂತು ಪ್ರತಿ ಅಧ್ಯಾಯದ ತಲೆಯ ಮೇಲಿನ ಅಂಕಿಯನ್ನು ಮೊದಲಿನಿಂದ ನೋಡುತ್ತಲೇ ಬಂದಿದ್ದಾಳೆ!

"ಹತ್ತಾದ್ಮೇಲೆ ಹನ್ನೆರಡು ಯಾವೂರ ಲೆಕ್ಕನೋ?"

"ಹಾಳೆ ಅಂಟ್ಕೊಂಡೈತೆ ಅಕ್ಕ. ದೇವರ ಗೂಡಲ್ಲಿ ಎಣ್ಣೆ ಗಿಣ್ಣೆ ಬಿದ್ದಿರಬೇಕು."

ಪುಸ್ತಕ ತಗೊಂಡು ಮೂಸಿದಳು. "ಏಮಿರಾ ಇದಿ, ಏನೋ ಇದು? ಗಂಜಿ ವಾಸ್ನೆ." ನನ್ನ ಮುಖ ನೋಡಿದಳು. ಸಿಟ್ಟು ಬಂದಾಗ ಮಾತ್ರ ಅವಳ ಬಾಯಿಗೆ ತೆಲುಗು ಬರುವುದು. "ಇರ್ಲಿ. ನಿನ್ನದೊಂದು ಐತಲ್ಲ ಸಾದಲೀಲಿ. ಮೇಷ್ಟ್ರ ಕೈಲಿ ತರಿಸ್ತೀನಿ."

ಬೀಗದ ಕೈ ಸೊಂಟದಿಂದ ಬಿಚ್ಚಿದಳು. ನನಗೆ ಎದ್ದು ಓಡಲು ಕಾಲಿಲ್ಲ. ಒಂದು ಬೀಡಿಯಾದರೂ ಇದ್ದಿದ್ದರೆ.

ನವೆಂಬರ್ 18, ಮಂಗಳವಾರ

ನರಸಿಂಹಪ್ಪ ಪುಸ್ತಕ ತಂದು ಗೇಟಿನ ಮೇಲಿಂದ ಕೊಟ್ಟರು. "ಟಿವಿ ಸ್ಟ್ಯಾಂಡು ವಾಲ್ಕೊಂಡಿತಪ್ಪ, ಒಂದು ಇಟ್ಟಿಗೆ ಚೂರು ಇಟ್ಟು ಬಂದಿದೀನಿ." ಪುಸ್ತಕದ ರಟ್ಟಿನ ಮೇಲೆ ಸ್ಟ್ಯಾಂಡಿನ ಕಾಲು ಕೂತಿದ್ದ ಕಡೆ ನಾಲ್ಕಾಣೆಯಗಲದ ಗುಳಿ ಬಿದ್ದಿದೆ. ಒಂದು ವರ್ಷದ ಭಾರ.

ಮೊದಲ ಹಾಳೆಯಲ್ಲಿ ಪವಿತ್ರಳ ಕೈಬರಹ. ನಾನು ಇವತ್ತೇ ನೋಡಿದ್ದು.

"ಮಾವನಿಗೆ. 11ನೇ ಅಧ್ಯಾಯ ಓದಿದ ಮೇಲೆ ಫೋನ್ ಮಾಡು. ಎಷ್ಟು ಹೊತ್ತಾದರೂ ಎತ್ತುತ್ತೇನೆ. ಪವಿ."

"ಏನ್ ಬರ್ದವ್ಳೆ?" ಎಂದಳು ಅಕ್ಕ.

"ನಿನ್ನಂಥ ಮಾವ ಏಳು ಜನ್ಮಕ್ಕೂ ಸಿಗಲ್ಲ ಅಂತ."

"ಇಲ್ಲಿ 11 ಅಂತ ಐತಲ್ಲ?"

"ಹನ್ನೊಂದು ಸಲ ಓದು ಅಂತಕ್ಕ."

ಗೇಟಿನಾಚೆಯಿಂದ ನರಸಿಂಹಪ್ಪ: "ಮೂರು ಆಗಿದೆಯಲ್ಲ ರಾಮಾಂಜಿನಪ್ಪ, ಇನ್ನು ಎಂಟೇ ಬಾಕಿ." ಬಸ್ಸಿನಲ್ಲಿ ಬರುವಾಗ ಮೇಷ್ಟ್ರು ಮೊದಲ ಹಾಳೆ ಓದದೆ ಇರುತ್ತಾರೆಯೇ? ಅವರ ಮುಖದಲ್ಲಿ ನಗು ಇರಲಿಲ್ಲ.

ನವೆಂಬರ್ 19, ಬುಧವಾರ

ಅಕ್ಕ ಸೊಪ್ಪಿಗೆ ಹೋದಾಗ ಫೋನು ಮಾಡಿದೆ.

"ಏನ್ ಮಾವ, ಕಾಲು ನೋವಾ?"

"ಹನ್ನೊಂದು ಓದಿದೆ ಕಣಮ್ಮ."

ಆ ಕಡೆ ಕಾಲೇಜಿನ ಗಂಟೆ ಹೊಡೆಯಿತು.

"ಈಗಲಾ?"

"ಈಗ."

"ಮೂರು ಸಲ ಓದಿದೀನಿ ಅಂದಿದ್ದೆ."

"ಟಿವಿ ಸ್ಟ್ಯಾಂಡಿನ ಕೆಳಗಿತ್ತು."

ನಕ್ಕಳೋ ಅತ್ತಳೋ ಫೋನಿನಲ್ಲಿ ತಿಳಿಯಲಿಲ್ಲ. "ಒಂದ್ ವರ್ಷ ಮಾವ. ಓದೀನೂ ಏನೂ ಆಗದೋನ ಥರ ಓಡಾಡ್ಕೊಂಡಿದಾನೆ ಅಂದ್ಕೊಂಡಿದ್ದೆ. ನಮ್ಮನೆ ಗೃಹಪ್ರವೇಶದಲ್ಲಿ ಅಷ್ಟು ಜನರ ಮುಂದೆ 'ಮುಯ್ಯಿ ಕವರ್ ಪವಿತ್ರಮ್ಮನ ಕೈಗೆ ಕೊಡಬೇಡ್ರೋ, ಕಳೆದಾಳು' ಅಂದ್ಯಲ್ಲ. ಎಲ್ರೂ ನಕ್ರು. ನಾನು ಎದ್ದು ಹೋದೆ."

"ನೀನು ತಲೆನೋವು ಅಂದಿದ್ದೆ."

"ಹೂಂ, ಅಂದಿದ್ದೆ."

ಸಿನಿಮಾದವರು ಕಳ್ಳನನ್ನು ಯಾಕೆ ತಂದರು ಎಂದು ಕೇಳಿದೆ. ಅವರಿಗೆ ಪುಸ್ತಕದಲ್ಲಿದ್ದದ್ದೇ ಬೇಕಿತ್ತಂತೆ.

"ಕಳ್ಳನ್ನ ಹಾಕಿಸಿದ್ದು ನಾನು ಮಾವ. ಅಮ್ಮಂಗೆ ಓದೋಕೆ ಬರಲ್ಲ, ನೋಡೋಕೆ ಬರುತ್ತೆ. ತಮ್ಮ ಅಂದ್ರೆ ಅವಳಿಗೆ ಪ್ರಾಣ. ಈ ವಯಸ್ಸಲ್ಲಿ ಅದನ್ನ ಯಾಕೆ ಕಿತ್ಕೋಬೇಕು? ಪರದೆ ಮೇಲೂ ನಾನೇ ಕಳ್ಕೊಂಡೆ ಅಂತ ಆಗ್ಲಿ ಬಿಡು ಅಂದೆ. ಪುಸ್ತಕ ನಂಗೆ. ಸಿನಿಮಾ ಅಮ್ಮಂಗೆ."

"ಅಕ್ಕ ಪುಸ್ತಕ ಓದಿಸ್ಕೊಳ್ಳದೆ ಬರಲ್ಲ ಅಂತ ಕೂತವ್ಳೆ. ಓದ್ತಿರೋನು ನಾನೇ. ಏನ್ ಮಾಡಲಮ್ಮ?"

"ನನ್ ಕೇಳ್ತೀಯಾ? ಅವತ್ತು ಕೇಳಿದ್ಯಾ?" ಎಂದಳು. ಆಮೇಲೆ ಸ್ವಲ್ಪ ಮೆತ್ತಗೆ, "ಕ್ಲಾಸ್ ಐತೆ ಮಾವ, ಇಡ್ತೀನಿ."

ಕಾಲು ಮುರಿದದ್ದು ಚಿರತೆಯಿಂದಲ್ಲ. ಸಿನಿಮಾಕ್ಕೆ ಶುಭ ಕೋರುವ ಬ್ಯಾನರು ಕಟ್ಟಲು ಚಿಂತಾಮಣಿ ರಸ್ತೆಯ ಕಂಬ ಹತ್ತಿದ್ದೆ. ಬ್ಯಾನರಿನಲ್ಲಿ ನನ್ನ ಫೋಟೋ ನಾಲ್ಕಡಿ ಇತ್ತು. ಪವಿತ್ರಳದ್ದು ಮೂಲೆಯಲ್ಲಿ, ಅಂಗೈಯಗಲ.

ನವೆಂಬರ್ 20

ಹುಳು ಬೆರಳಿನುದ್ದ ಆಗುತ್ತಿವೆ. ಸೊಪ್ಪು ತಿನ್ನುವ ಸದ್ದು ಪಡಸಾಲೆಗೆ ಕೇಳುತ್ತದೆ. ನಾಳೆ ಸದ್ದು ನಿಲ್ಲುತ್ತದೆ.

ನವೆಂಬರ್ 21, ಶುಕ್ರವಾರ

ನಾಲ್ಕನೇ ಜ್ವರ. ಬೆಳಿಗ್ಗೆ ಹತ್ತಕ್ಕೆ ಹುಳುಮನೆ ನಿಶ್ಶಬ್ದ. ಅಕ್ಕ ಅವರೆಕಾಯಿ ಮೊರ ತಂದುಕೊಂಡು ಮಂಚದ ಪಕ್ಕ ಕಾಲು ಚಾಚಿ ಕೂತಳು. ನನ್ನ ಪುಸ್ತಕವನ್ನು ತಾನೇ ತೆರೆದು, 11 ಎಂದಿರುವ ಕಡೆ ಬೆರಳಿಟ್ಟು ಕೊಟ್ಟಳು.

ಬೇರೆ ಏನಾದರೂ ಕಟ್ಟಿ ಹೇಳಬಹುದಿತ್ತು. ಒಬ್ಬ ಕಳ್ಳನನ್ನು ಹುಟ್ಟಿಸುವುದು ನನಗೆ ಕಷ್ಟವೇ? ಅವಳಿಗೇನು ಗೊತ್ತಾಗುತ್ತಿತ್ತು? ಬಾಯಿ ತೆರೆದೆ. ಹಾಳೆಯಲ್ಲಿದ್ದದ್ದೇ ಬಂತು. ಎರಡು ವಾರದಿಂದ ಓದಿ ಓದಿ ನಾಲಿಗೆಗೆ ಅಭ್ಯಾಸವಾಗಿಬಿಟ್ಟಿತ್ತು ಅಂತ ಕಾಣುತ್ತದೆ.

ಹುಣಸೆಮರ ಬಂದಾಗ ಅವರೆ ಸುಲಿಯುವ ಕೈ ನಿಧಾನವಾಯಿತು. ಬ್ಲೇಡು ಬಂದಾಗ ನಿಂತಿತು. ಕೊನೆಯ ಸಾಲಿನವರೆಗೂ ಓದಿದೆ. ಎಲ್ಲೂ ತೊದಲಲಿಲ್ಲ.

"ಮುಗೀತಾ?"

"ಮುಗೀತಕ್ಕ."

"ಇದು ಕಥೇನಾ?"

"ಅಲ್ಲ."

ಅಕ್ಕ ಮೊರದಲ್ಲಿದ್ದ ಕಾಳನ್ನು ಕೈಯಲ್ಲಿ ಒಂದು ಕಡೆಗೆ ಸರಿಸಿದಳು.

"ಅವತ್ತು ಸೌಟಿನ ಹಿಡೀಲಿ ಅವಳ ಅಂಗೈಗೆ ಹೊಡ್ದೆ ಕಣೋ. ಮೂರೇಟು. ನೀನು ಅಲ್ಲೇ ಕೂತು ಉಣ್ತಿದ್ದೆ. ಇನ್ನೊಂದು ಮುದ್ದೆ ಇಕ್ಕಕ್ಕ ಅಂದೆ."

ಇದು ಪುಸ್ತಕದಲ್ಲಿಲ್ಲ. ಇದು ನನಗೂ ಮರೆತಿತ್ತು.

"ಎಷ್ಟು ಹೋಯ್ತು?" ಎಂದಳು.

"ನಿಂಗೊತ್ತಲ್ಲಕ್ಕ. ಆರು ಸಾವಿರದ..."

"ನೀನು ಹೇಳ್ದಂಗೆ ಅವತ್ತು ಕಿಲೋಗೆ ಅರವತ್ತು ರೂಪಾಯಿ ರೇಟು ಇರ್ಲಿಲ್ಲ. ಪಕ್ಕದ ತೋಟದೋರು ನೂರರ ಮೇಲೆ ಮಾರಿದ್ರು. ಪಾಪ, ನನ್ ತಮ್ಮಂಗೆ ಯಾಪಾರ ಬರಲ್ಲ ಅಂದ್ಕೊಂಡು ಬಾಯಿ ಮುಚ್ಕೊಂಡೆ. ನಿಜ ಹೇಳು, ಎಷ್ಟು?"

ಬಾಯಿ ತೆರೆದೆ. ಇಡೀ ಅಧ್ಯಾಯ ಓದಿದ ಬಾಯಿಗೆ ಒಂದು ಅಂಕಿ ಹೊರಡಲಿಲ್ಲ. ಅಕ್ಕ ಮೊರ ಎತ್ತಿಕೊಂಡು ಒಳಗೆ ಹೋದಳು.

ನವೆಂಬರ್ 22

ಹುಳು ಜ್ವರದಿಂದ ಎದ್ದವು. ಅಕ್ಕ ಮಾತಾಡಲಿಲ್ಲ.

ನವೆಂಬರ್ 23

ಮುದ್ದೆ ಇಡುತ್ತಾಳೆ, ತಟ್ಟೆ ತೆಗೆಯುತ್ತಾಳೆ. ಸ್ನಾನಕ್ಕೆ ಬಿಸಿನೀರು ಬಕೆಟ್ಟಿಗೆ ಹಾಕಿ ಇಟ್ಟು ಹೋಗುತ್ತಾಳೆ. ಒಂದು ಸಲ ಬೈದರೆ ಸಾಕಿತ್ತು.

ನವೆಂಬರ್ 25, ಮಂಗಳವಾರ

ನರಸಿಂಹಪ್ಪ ಗೇಟಿಗೆ ಬಂದರು. ಭಾನುವಾರ ಸಭೆ. "ಏನಪ್ಪ, ಮುದ್ದೆಯೋ ರಾಗಿಯೋ?"

"ನನ್ ಹೆಸರು ತೆಗೆದ್ಬಿಡಿ ಮೇಷ್ಟ್ರೇ."

"ಸೋತೆ ಅನ್ನು."

"ಅಲ್ಲ. ಸಿನಿಮಾದಲ್ಲಿ ನನ್ನ ಕೆಲ್ಸನ ಇನ್ಯಾವನೋ ಮೀಸೆ ಅಂಟಿಸ್ಕೊಂಡು ಮಾಡ್ತಾನೆ, ನಾನು ಚಪ್ಪಾಳೆ ಹೊಡೀಬೋದು. ಪುಸ್ತಕ ಹಂಗಲ್ಲ. ನನ್ ಬಾಯಿಂದ್ಲೇ ಹೇಳಿಸ್ತು."

"ಇದನ್ನೇ ಬಂದು ಹೇಳಪ್ಪ."

"ಕಾಲಿಲ್ಲ ಮೇಷ್ಟ್ರೇ."

ಅವರು ಗೇಟಿನ ಸಂದಿಯಿಂದ ಒಂದು ಕಟ್ಟು ಬೀಡಿ ಒಳಗೆ ತೂರಿದರು. ನಾನು ವಾಪಸು ಎಸೆದೆ. ಹುಳುವಿಗೆ ಆಗುವುದಿಲ್ಲ.

ನವೆಂಬರ್ 28, ಶುಕ್ರವಾರ

ಹುಳು ಹಣ್ಣಾದವು. ಬೆಳಿಗ್ಗೆ ಬೆಳಕಿಗೆ ಹಿಡಿದರೆ ದ್ರಾಕ್ಷಿಯಂತೆ ಒಳಗೆಲ್ಲ ಕಾಣುತ್ತಿತ್ತು. ಇವತ್ತು ಬಿಟ್ಟರೆ ತಟ್ಟೆಯಲ್ಲೇ ನೂಲು ಬಿಟ್ಟು ಕೆಡುತ್ತವೆ. ಸಿನಿಮಾ ಬಿಡುಗಡೆಯ ದಿನವೇ ಪವಿತ್ರ ರಜೆ ಹಾಕಿ ಹುಳು ಆರಿಸಲು ಬಂದಳು. ಚಿಕ್ಕಬಳ್ಳಾಪುರದಲ್ಲಿ ಅವಳಿಗೆ ಹಾರ ಹಾಕಲು ಕಾಯುತ್ತಿದ್ದರಂತೆ.

ನನ್ನ ಮಡಿಲಿಗೂ ಒಂದು ತಟ್ಟೆ ಇಟ್ಟರು. ಪವಿತ್ರ ಮಂಚದ ಪಕ್ಕ ನೆಲದ ಮೇಲೆ ಕೂತಳು. ಅವಳೂ ನಾನೂ ಹುಳುವಿನ ಮಾತು ಬಿಟ್ಟು ಬೇರೆ ಆಡಲಿಲ್ಲ.

"ಇದು ಹಣ್ಣಾ ಮಾವ?"

"ಇನ್ನೊಂದ್ ಗಂಟೆ ಬೇಕಮ್ಮ."

ಅಕ್ಕ ಬಂದು ಪವಿತ್ರಳ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅವಳ ಬಲಗೈ ಹಿಡಿದು ಅಂಗೈ ಮೇಲೆ ಮಾಡಿದಳು. ಕನ್ನಡಕ ಇಲ್ಲದೆ ಚೀಟಿ ನೋಡುವವಳಂತೆ ಹತ್ತಿರ ತಂದು ನೋಡಿದಳು. ಪವಿತ್ರ ನನ್ನ ಕಡೆ ನೋಡಿದಳು. ನಾನು ತಟ್ಟೆ ನೋಡಿದೆ. ಅಕ್ಕ ಆ ಅಂಗೈ ಮೇಲೆ ಒಂದು ಹಣ್ಣು ಹುಳು ಇಟ್ಟು, "ಚಂದ್ರಿಕೆಗೆ ಬಿಡಮ್ಮ" ಎಂದಳು.

ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ಚಂದ್ರಿಕೆಯ ತುಂಬ ಸಂಜೆಯ ಹೊತ್ತಿಗೆ ಹುಳುಗಳು ತಲೆ ಆಡಿಸುತ್ತ ತಮ್ಮ ಸುತ್ತ ತಾವೇ ಕಟ್ಟಿಕೊಳ್ಳುತ್ತಿದ್ದವು.

ನವೆಂಬರ್ 30, ಭಾನುವಾರ

ಅಕ್ಕ, ಪವಿತ್ರ ಇಬ್ಬರೂ ಚಿಂತಾಮಣಿಗೆ ಮ್ಯಾಟ್ನಿಗೆ ಹೊರಟರು. ಬಾಗಿಲಿಗೆ ಆಟೋ ಬಂದಿತ್ತು. ನನ್ನನ್ನೂ ಎತ್ತಿ ಕೂರಿಸಬಹುದೆಂದು ಪವಿತ್ರ ಅಂದಳು. ನಾನೇ ಬೇಡವೆಂದೆ. ಗೂಡು ಕಟ್ಟುವಾಗ ಇಲಿ, ಇರುವೆ ನೋಡಲು ಒಬ್ಬರು ಬೇಕು.

"ಅಮ್ಮ, ಸಿನಿಮಾದಲ್ಲಿ ಕಳ್ಳ ಬರ್ತಾನೆ" ಎಂದು ಪವಿತ್ರ ಮೊದಲೇ ಹೇಳಿದಳು.

"ಬರ್ಲಿ ಬಿಡು. ನಂಗೆ ಗೊತ್ತಲ್ಲ ಅವನು ಇಲ್ಲಾಂತ" ಎಂದಳು ಅಕ್ಕ.

ಆಟೋ ಹತ್ತುವ ಮೊದಲು ಅಕ್ಕ ಸೊಂಟದಿಂದ ಎಲೆಅಡಿಕೆ ಚೀಲ ಬಿಚ್ಚಿದಳು. ಅವಳ ದುಡ್ಡು, ಮನೆಯ ಬೀಗದ ಕೈ, ನಮ್ಮ ಮನೆಯ ಬೀಗದ ಕೈ ಎಲ್ಲ ಅದರಲ್ಲೇ. ಸ್ನಾನಕ್ಕೆ ಹೋದರೂ ಬಚ್ಚಲ ಗೂಟಕ್ಕೆ ಹಾಕಿಕೊಳ್ಳುವವಳು. ಅದನ್ನು ಮಗಳ ಕಡೆ ಚಾಚಿ, "ಟಿಕೆಟ್ ದುಡ್ಡು ಇದ್ರಲ್ಲೈತೆ. ನೀನೇ ಇಟ್ಕೊ" ಎಂದಳು.

ಪವಿತ್ರ ತಕ್ಷಣ ಕೈ ನೀಡಲಿಲ್ಲ. ಆಮೇಲೆ ಎರಡೂ ಅಂಗೈ ಜೋಡಿಸಿ, ಹಣ್ಣು ಹುಳು ಹಿಡಿಯುವ ಹಾಗೆ ಹಿಡಿದಳು. ಮೂವತ್ತಮೂರು ವರ್ಷದ ಲೆಕ್ಚರರ್.

ಆಟೋ ಸ್ಟಾರ್ಟ್ ಆದ ಮೇಲೆ ಅಕ್ಕ ತಲೆ ಹೊರಗೆ ಹಾಕಿ, ಒಂಬತ್ತು ದಿನದಲ್ಲಿ ಮೊದಲ ಸಲ ನನ್ನ ಕಡೆ ನೋಡಿ ಮಾತಾಡಿದಳು.

"ಲೋ ರಾಮಾಂಜಿ. ಎಷ್ಟು ಹೋಯ್ತೂಂತ ಬಾಯಲ್ಲಿ ಬರ್ದೇ ಇದ್ರೆ ಆ ಡೈರೀಲಿ ಬರ್ದಿಡು. ಅಕ್ಷರ ಗಿಕ್ಷರ ಬೇಡ. ನಂಗೆ ಅಂಕಿ ಬರುತ್ತೆ. ಬಂದು ನೋಡ್ತೀನಿ."

ಆಟೋ ಹೋಗಿ ಎರಡು ಗಂಟೆಯಾಯಿತು. ಈಗ ಪರದೆಯ ಮೇಲೆ ಅವನು ಬಸ್ಸಿಂದ ಬಸ್ಸಿಗೆ ಹಾರುತ್ತಿರಬೇಕು. ಶಿಳ್ಳೆ ಬೀಳುತ್ತಿರಬೇಕು. ಇಲ್ಲಿ ಹುಳುಮನೆಯಲ್ಲಿ ಸದ್ದಿಲ್ಲ. ಗೂಡಿನೊಳಗೆ ಸೇರಿಕೊಂಡ ಹುಳು ಈಗ ಹೊರಗೆ ಕಾಣುವುದೇ ಇಲ್ಲ.

ಮೊದಲು 6,480 ಎಂದು ಬರೆದು ಹೊಡೆದುಹಾಕಿದೆ. ಗೂಡು ತೂಗಿದ್ದು ನೂರ ಎಂಟು ಕಿಲೋ. ರೇಟು ಕಿಲೋಗೆ ನೂರ ಐದು ಬಂತು. ಆ ದಿನ ಮಾರುಕಟ್ಟೆಯಲ್ಲಿ ಅಕ್ಕನ ಗೂಡಿಗಿಂತ ಒಳ್ಳೆಯ ಗೂಡು ಇರಲಿಲ್ಲ. ಅದನ್ನು ಅವಳಿಗೆ ನಾನು ಯಾವತ್ತೂ ಹೇಳಲಿಲ್ಲ.

ಇನ್ನೊಂದು ಇದೆ. ಅದು ಸಿನಿಮಾದಲ್ಲೂ ಇರುವುದಿಲ್ಲ, ಪುಸ್ತಕದಲ್ಲೂ ಇಲ್ಲ. ಪವಿತ್ರ ಮರೆತಳೋ, ಬೇಕೆಂದೇ ಬಿಟ್ಟಳೋ. ಎಲ್ಲ ಹೋದ ಮೇಲೆ ಮರದ ಕೆಳಗೆ ಹೋಗಿ ನಿದ್ದೆಯಲ್ಲಿದ್ದಾಳೆ ಎಂದುಕೊಂಡು ಅವಳನ್ನು ಎಬ್ಬಿಸಿದೆ. ಜಡೆಗೆ ಟೇಪು ಕೊಳ್ಳಲೆಂದು ಅಕ್ಕ ಅವಳ ಲಂಗದ ತುದಿಗೆ ಹತ್ತು ರೂಪಾಯಿ ಗಂಟು ಹಾಕಿ ಕಳಿಸಿದ್ದಳು. ಗಂಟು ಗಟ್ಟಿಯಾಗಿತ್ತು, ನನ್ನ ಉಗುರಿಗೆ ಬಿಚ್ಚಲು ಬರಲಿಲ್ಲ. ಅವಳೇ ಹಲ್ಲಿನಿಂದ ಬಿಚ್ಚಿ ಕೊಟ್ಟಳು. ಇಸ್ಪೀಟಿನ ಕೊನೆಯ ಎಲೆಗೆ ಅದನ್ನೂ ಇಟ್ಟೆ.

ಇಷ್ಟು ಬರೆಯುವಷ್ಟರಲ್ಲಿ ಸಂಜೆಯಾಯಿತು, ಆಟೋ ಸದ್ದು ಕೇಳಿಸುತ್ತಿದೆ. ಆ ಹತ್ತನ್ನೂ ಕೂಡಿಸಿ, ಅಕ್ಕನಿಗೆ ಕನ್ನಡಕವಿಲ್ಲದೆಯೂ ಕಾಣುವ ಹಾಗೆ ದಪ್ಪಗೆ ಬರೆಯುತ್ತೇನೆ.

11,350